ಎಂಟು ತಿಂಗಳು ನಡೆದರೂ ಎರಡು ನಿಮಿಷ ಓಡಲಾಗುತ್ತಿಲ್ಲ: ನಡಿಗೆಯಿಂದ ಓಟಕ್ಕೆ ದಾಟುವುದು ಹೇಗೆ?

ಮುಂಜಾವಿನ ನಡಿಗೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನನಗೆ 43 ವರ್ಷ. ಕಳೆದ ಎಂಟು ತಿಂಗಳಿಂದ ವಾರಕ್ಕೆ ಐದು ದಿನ, ದಿನಕ್ಕೆ 45 ನಿಮಿಷದಂತೆ ತಪ್ಪದೆ ನಡೆಯುತ್ತಿದ್ದೇನೆ. ಮೊದಮೊದಲು ಗಂಟೆಗೆ 4 ಕಿ.ಮೀ. ವೇಗದಲ್ಲಿ ನಡೆದರೂ ಏದುಸಿರು ಬರುತ್ತಿತ್ತು. ಈಗ 6 ಕಿ.ಮೀ. ವೇಗದಲ್ಲಿ ನಡೆಯುತ್ತಲೇ ಫೋನಿನಲ್ಲಿ ಸಲೀಸಾಗಿ ಮಾತನಾಡಬಲ್ಲೆ. ಹೀಗಿರುವಾಗ ಓಟವೇನೂ ದೂರವಿಲ್ಲ, ನಡಿಗೆಯ ವೇಗವನ್ನೇ ದಿನದಿಂದ ದಿನಕ್ಕೆ ಏರಿಸುತ್ತ ಹೋದರೆ ಅದೇ ಒಂದು ದಿನ ಓಟವಾಗಿಬಿಡುತ್ತದೆ ಎಂದು ಭಾವಿಸಿದ್ದೆ. ಆದರೆ ವೇಗವು 7 ಕಿ.ಮೀ. ಸಮೀಪಿಸುತ್ತಿದ್ದಂತೆ ಕಣಕಾಲಿನ (ಮೊಣಕಾಲಿಗೂ ಪಾದಕ್ಕೂ ನಡುವಿನ ಭಾಗದ) ಮುಂಭಾಗದಲ್ಲಿ ಉರಿಯಂತಹ ನೋವು ಶುರುವಾಗುತ್ತದೆ. ನಿಂತರೆ ಐದು ನಿಮಿಷದಲ್ಲಿ ಮಾಯವಾಗುತ್ತದೆ. ಇದರಿಂದ ಬೇಸತ್ತು, ಕಳೆದ ವಾರ ನೇರವಾಗಿ ಓಡಿಯೇ ಬಿಡೋಣವೆಂದು ಹೊರಟೆ. ಎರಡು ನಿಮಿಷ ತುಂಬುವ ಮೊದಲೇ ಉಸಿರು ಸಿಕ್ಕಿಕೊಂಡು, ಪಕ್ಕೆ ಹಿಡಿದು, ಸೊಂಟದ ಮೇಲೆ ಕೈಯಿಟ್ಟು ನಿಂತುಬಿಟ್ಟೆ. ಮರುದಿನ ಮೀನಖಂಡಗಳು ಕಲ್ಲಿನಂತಾಗಿ ಮೆಟ್ಟಿಲಿಳಿಯುವುದೇ ಕಷ್ಟವಾಯಿತು.

ಇಷ್ಟು ತಿಂಗಳ ನಡಿಗೆ ಓಟಕ್ಕೆ ಒದಗುವುದೇ ಇಲ್ಲವೇ? ಸ್ಪರ್ಧೆಯಲ್ಲಿ ಭಾಗವಹಿಸುವ ಆಸೆ ನನಗಿಲ್ಲ. ಅರ್ಧ ಗಂಟೆ ನಿಲ್ಲದೆ, ನೋವಿಲ್ಲದೆ ಓಡುವಂತಾದರೆ ಸಾಕು. ಅನುಭವವಿರುವವರು ದಯವಿಟ್ಟು ದಾರಿ ತೋರಿಸಬೇಕು.

ನಿಧಾನಗತಿ

ನಿಮ್ಮ ನಡಿಗೆ ವ್ಯರ್ಥವಾಗಿಲ್ಲ. ಆದರೆ ಅದು ಸಿದ್ಧಗೊಳಿಸಿರುವುದು ಹೆಚ್ಚಾಗಿ ನಿಮ್ಮ ಹೃದಯವನ್ನೇ ಹೊರತು ಕಾಲುಗಳನ್ನಲ್ಲ. ನಡಿಗೆಯನ್ನು ಜೋರು ಮಾಡಿದರೆ ಓಟವಾಗುತ್ತದೆ ಎಂದು ನಾನೂ ನಂಬಿದ್ದೆ. ಅವೆರಡೂ ಬೇರೆ ಬೇರೆ ಚಲನೆಗಳೆಂದು ಅರ್ಥವಾಗುವುದಕ್ಕೆ ನನಗೆ ಒಂದು ಇಡೀ ವರ್ಷ ಹಿಡಿಯಿತು.

ನಡೆಯುವಾಗ ಎರಡು ಪಾದಗಳಲ್ಲಿ ಒಂದಾದರೂ ಸದಾ ನೆಲದ ಮೇಲಿರುತ್ತದೆ ಮತ್ತು ನೆಟ್ಟಗಿನ ಕಾಲಿನ ಮೇಲೆ ಶರೀರವು ತಲೆಕೆಳಗಾದ ಲೋಲಕದಂತೆ ಮುಂದಕ್ಕೆ ವಾಲುತ್ತದೆ. ಓಡುವಾಗ ಕ್ಷಣಕಾಲ ಎರಡೂ ಪಾದಗಳು ಗಾಳಿಯಲ್ಲಿರುತ್ತವೆ. ನೆಲ ಮುಟ್ಟಿದ ಕಾಲು ಮಡಿಚಿ ಸ್ಪ್ರಿಂಗಿನಂತೆ ಚಿಮ್ಮುತ್ತದೆ, ಹಿಮ್ಮಡಿಯ ಹಿಂದಿರುವ ದಪ್ಪ ಸ್ನಾಯುರಜ್ಜು ಎಳೆಯಲ್ಪಟ್ಟು ಆ ಶಕ್ತಿಯ ಒಂದು ಭಾಗವನ್ನು ಮರಳಿ ಕೊಡುತ್ತದೆ. ನಡಿಗೆಯಲ್ಲಿ ಪ್ರತಿ ಹೆಜ್ಜೆಗೂ ಕಾಲಿನ ಮೇಲೆ ಬೀಳುವ ಭಾರ ನಮ್ಮ ತೂಕಕ್ಕಿಂತ ತುಸು ಹೆಚ್ಚಿದ್ದರೆ, ಓಟದಲ್ಲಿ ಅದು ಎರಡರಿಂದ ಮೂರು ಪಟ್ಟಾಗುತ್ತದೆ. ನಿಮ್ಮ ಮೀನಖಂಡಗಳು ಕಲ್ಲಾಗಿದ್ದು ಇದೇ ಕಾರಣಕ್ಕೆ: ಎಂಟು ತಿಂಗಳಲ್ಲಿ ಅವುಗಳಿಗೆ ಇಂತಹ ಕೆಲಸ ಬಿದ್ದಿರಲೇ ಇಲ್ಲ.

ಇನ್ನು ಕಣಕಾಲಿನ ಉರಿಯ ವಿಷಯ. ಹೆಚ್ಚಿನವರು ಗಂಟೆಗೆ ಸುಮಾರು 7ರಿಂದ 7.5 ಕಿ.ಮೀ. ವೇಗದಲ್ಲಿ ಯೋಚಿಸದೆಯೇ ನಡಿಗೆಯಿಂದ ಓಟಕ್ಕೆ ಹೊರಳುತ್ತಾರೆ. ಅದಕ್ಕಿಂತ ಹೆಚ್ಚಿನ ವೇಗದಲ್ಲಿ ನಡೆಯುವುದಕ್ಕೆ ಓಡುವುದಕ್ಕಿಂತ ಹೆಚ್ಚು ಶಕ್ತಿ ಬೇಕಾಗುತ್ತದೆ. ಆ ವೇಗದಲ್ಲಿ ಹಟ ಹಿಡಿದು ನಡೆದಾಗ ಪಾದದ ಮುಂಭಾಗವನ್ನು ಮೇಲಕ್ಕೆತ್ತುವ ಸ್ನಾಯು, ಅಂದರೆ ಕಣಕಾಲಿನ ಮುಂದಿರುವ ಸ್ನಾಯು, ದಣಿದು ಉರಿಯುತ್ತದೆ. ಆದ್ದರಿಂದ ಅತಿವೇಗದ ನಡಿಗೆಯ ಮೂಲಕ ಓಟವನ್ನು ತಲಪುವ ಪ್ರಯತ್ನವನ್ನು ಇಲ್ಲಿಗೇ ಕೈಬಿಡಿ. ಆರಾಮದ ನಡಿಗೆಯಿಂದಲೇ ನೇರವಾಗಿ ಅತಿ ನಿಧಾನದ ಓಟಕ್ಕೆ ಜಾರಿಕೊಳ್ಳಿ, ಮತ್ತೆ ಆರಾಮದ ನಡಿಗೆಗೆ ಮರಳಿ. ನಿಧಾನವೆಂದರೆ ಎಷ್ಟು ನಿಧಾನ? ಬಿರುಸಾಗಿ ನಡೆಯುವವರು ನಿಮ್ಮನ್ನು ದಾಟಿ ಹೋಗುವಷ್ಟು. ಮುಜುಗರವಾಗುತ್ತದೆ, ಒಪ್ಪುತ್ತೇನೆ, ಎರಡೇ ನಿಮಿಷಕ್ಕೆ ನಿಂತವರಲ್ಲಿ ಬಹುಪಾಲು ಜನ ಸೋತದ್ದು ಓಟಕ್ಕಲ್ಲ, ಈ ಮುಜುಗರಕ್ಕೆ.

ಕ್ರಮ ಬೇಕಿದ್ದರೆ, 1996ರಲ್ಲಿ ಜಾಶ್ ಕ್ಲಾರ್ಕ್ ಎಂಬವರು ರೂಪಿಸಿದ ಒಂಬತ್ತು ವಾರಗಳ ‘ಕೌಚ್ ಟು 5ಕೆ’ (ಸೋಫಾ ಬಿಟ್ಟೆದ್ದವರನ್ನು 5 ಕಿ.ಮೀ. ಓಟಕ್ಕೆ ತಲಪಿಸುವ ಕ್ರಮ) ಇಂದಿಗೂ ಒಳ್ಳೆಯ ಚೌಕಟ್ಟು. ವಾರಕ್ಕೆ ಮೂರೇ ದಿನ. ಮೊದಲ ವಾರದಲ್ಲಿ ಐದು ನಿಮಿಷ ನಡೆದು ಮೈ ಬಿಸಿಮಾಡಿಕೊಂಡ ಮೇಲೆ, 60 ಸೆಕೆಂಡು ಓಟ ಮತ್ತು 90 ಸೆಕೆಂಡು ನಡಿಗೆಯನ್ನು 20 ನಿಮಿಷಗಳ ಕಾಲ ಒಂದರ ನಂತರ ಒಂದರಂತೆ ಮಾಡಬೇಕು. ಎಂಟು ಸುತ್ತು, ಅಂದರೆ ಒಟ್ಟು ಎಂಟು ನಿಮಿಷದ ಓಟ. ಕಡಿಮೆಯೆನಿಸಬಹುದು. ಆದರೆ ನಿಮಿಷಕ್ಕೆ 160 ಹೆಜ್ಜೆಯೆಂದು ಹಿಡಿದರೂ ಅಷ್ಟರಲ್ಲಿ ಪ್ರತಿಯೊಂದು ಕಾಲು 640 ಬಾರಿ ಆ ಎರಡು ಮೂರು ಪಟ್ಟು ಭಾರವನ್ನು ಹೊತ್ತಿರುತ್ತದೆ.

ಒಂದು ಎಚ್ಚರಿಕೆ. ಈ ಕ್ರಮದಲ್ಲಿ ಐದನೆಯ ವಾರದ ಮೂರನೆಯ ದಿನ ಒಮ್ಮೆಲೇ 20 ನಿಮಿಷ ನಿಲ್ಲದೆ ಓಡಬೇಕೆಂದಿದೆ. ಅದರ ಹಿಂದಿನ ಓಟದಲ್ಲಿ ಎಂಟೆಂಟು ನಿಮಿಷದ ಎರಡು ತುಂಡುಗಳು ಮಾತ್ರ ಇರುತ್ತವೆ. ಅನೇಕರು ಅಲ್ಲಿ ಕೈಚೆಲ್ಲುತ್ತಾರೆ. ನಡುವೆ 10, 12, 15 ನಿಮಿಷಗಳ ಓಟಗಳನ್ನು ಸೇರಿಸಿಕೊಂಡು ಒಂಬತ್ತು ವಾರವನ್ನು ಹದಿಮೂರಕ್ಕೆ ಎಳೆದುಕೊಂಡರೆ ಯಾರೂ ಕೇಳುವವರಿಲ್ಲ.

ಗಡಿಯಾರ ಬಿಟ್ಟವಳು

ನಿಧಾನಗತಿಯವರು ಹೇಳಿದ್ದರಲ್ಲಿ ವೇಗದ ಮಾತನ್ನು ಪೂರ್ತಿ ಒಪ್ಪುತ್ತೇನೆ. ಸೆಕೆಂಡುಗಳ ಲೆಕ್ಕವನ್ನು ಮಾತ್ರ ಒಪ್ಪಲಾರೆ. ನಾನು ಓಡಲು ಕಲಿತದ್ದು 51ನೆಯ ವಯಸ್ಸಿನಲ್ಲಿ. ಸ್ಟಾಪ್‌ವಾಚ್ ಹಿಡಿದು ಆರಂಭಿಸಿದಾಗ 60 ಸೆಕೆಂಡು ಎಂದರೆ ಹೇಗಾದರೂ ಮುಗಿಸಬೇಕಾದ ಶಿಕ್ಷೆಯಂತೆ ಕಾಣುತ್ತಿತ್ತು, ಮುಗಿಸುವ ಆತುರದಲ್ಲಿ ತಿಳಿಯದೆಯೇ ವೇಗ ಏರುತ್ತಿತ್ತು. ನಂತರ ಉಸಿರನ್ನೇ ಅಳತೆಗೋಲಾಗಿ ಇಟ್ಟುಕೊಂಡೆ. ಓಡುತ್ತಿರುವಾಗ ಎಂಟು ಹತ್ತು ಪದಗಳ ಒಂದು ವಾಕ್ಯವನ್ನು ಮಧ್ಯೆ ಉಸಿರೆಳೆಯದೆ ಹೇಳಲಾದರೆ ಮುಂದುವರಿಯುವುದು, ಮೂರು ಪದಕ್ಕೇ ತುಂಡಾದರೆ ನಡಿಗೆಗೆ ಇಳಿಯುವುದು, ಮತ್ತೆ ಆ ವಾಕ್ಯ ಬಾಯಲ್ಲಿ ಸಲೀಸಾಗಿ ಹೊರಳಿದ ಮೇಲೆ ಓಡುವುದು. ಮೊದಲ ದಿನ ನನ್ನ ಓಟದ ತುಂಡುಗಳು ಅರ್ಧ ನಿಮಿಷವೂ ಇರಲಿಲ್ಲವೇನೋ.

ಮ್ಯೂನಿಕ್‌ನಲ್ಲಿ 1972ರಲ್ಲಿ ನಡೆದ ಒಲಿಂಪಿಕ್ಸ್‌ನ 10,000 ಮೀಟರ್ ಓಟದಲ್ಲಿ ಅಮೆರಿಕವನ್ನು ಪ್ರತಿನಿಧಿಸಿದ್ದ ಜೆಫ್ ಗ್ಯಾಲೋವೇ, ಓಟದ ನಡುವೆ ನಡಿಗೆಯನ್ನು ಸೇರಿಸುವ ಪದ್ಧತಿಯನ್ನು ಹೊಸಬರಿಗೆ ಕಲಿಸಿ ಹೆಸರಾದವರು. ಆ ಪದ್ಧತಿಯ ತಿರುಳು ಒಂದೇ: ದಣಿದ ಮೇಲೆ ನಡೆಯುವುದಲ್ಲ, ದಣಿಯುವ ಮೊದಲೇ ನಡೆಯುವುದು. ದಣಿದು ನಿಂತವರಿಗೆ ಎರಡನೆಯ ಸುತ್ತು ಮೊದಲನೆಯದಕ್ಕಿಂತ ಕಠಿಣವಾಗುತ್ತದೆ. ಮೊದಲೇ ನಡಿಗೆಗೆ ಇಳಿದವರಿಗೆ ಏಳನೆಯ ಸುತ್ತೂ ಎರಡನೆಯದರಂತೆಯೇ ಇರುತ್ತದೆ.

ಕೈಗಡಿಯಾರ ತೋರಿಸುವ ನಾಡಿಬಡಿತವನ್ನೂ ಆರಂಭದಲ್ಲಿ ಹೆಚ್ಚು ನೆಚ್ಚಬೇಡಿ. 220ರಿಂದ ವಯಸ್ಸನ್ನು ಕಳೆಯುವ ಸೂತ್ರದಂತೆ ನಿಮ್ಮ ಗರಿಷ್ಠ ಬಡಿತ 177. ಆದರೆ ಅದು ಒಂದು ವಯಸ್ಸಿನ ಜನರ ಸರಾಸರಿ ಮಾತ್ರ. ಒಬ್ಬೊಬ್ಬರಲ್ಲಿ ಹತ್ತು ಹನ್ನೆರಡು ಬಡಿತಗಳಷ್ಟು ಆಚೀಚೆ ಇರುವುದು ತೀರ ಸಾಮಾನ್ಯ.

ಮೂಳೆಮಾತು

ನಾನು ಫಿಸಿಯೋಥೆರಪಿ ವೃತ್ತಿಯಲ್ಲಿದ್ದೇನೆ. ಮೇಲಿನ ಇಬ್ಬರೂ ಉಸಿರು ಮತ್ತು ವೇಗದ ಬಗ್ಗೆ ಬರೆದಿದ್ದಾರೆ. ನನ್ನ ಬಳಿ ಬರುವ ಹೊಸ ಓಟಗಾರರು ಉಸಿರಿನ ದೂರು ಹೊತ್ತು ಬರುವುದಿಲ್ಲ. ಓಟ ಹಗುರವೆನಿಸತೊಡಗಿ ಹುರುಪು ಹೆಚ್ಚಿದ ನಾಲ್ಕನೆಯದೋ ಆರನೆಯದೋ ವಾರದಲ್ಲಿ ಕುಂಟುತ್ತಾ ಬರುತ್ತಾರೆ.

ಹೃದಯ ಮತ್ತು ರಕ್ತಪರಿಚಲನೆ ಕೆಲವೇ ವಾರಗಳಲ್ಲಿ ಸುಧಾರಿಸುತ್ತವೆ. ಸ್ನಾಯುರಜ್ಜುಗಳಿಗೆ ಮತ್ತು ಮೂಳೆಗಳಿಗೆ ತಿಂಗಳುಗಳು ಬೇಕು. ಹೊಸ ಭಾರ ಬಿದ್ದಾಗ ಮೂಳೆಯು ಮೊದಲು ಹಳೆಯ ಅಂಶವನ್ನು ಕರಗಿಸಿ ತೆಗೆದು, ಆ ಮೇಲೆ ಆ ಜಾಗದಲ್ಲಿ ಹೊಸದನ್ನು ಕಟ್ಟುತ್ತದೆ. ಈ ಚಕ್ರ ಒಮ್ಮೆ ಪೂರ್ಣಗೊಳ್ಳಲು ಮೂರು ನಾಲ್ಕು ತಿಂಗಳು ಹಿಡಿಯುತ್ತದೆ. ಕೆಡವಿದ್ದು ಮುಗಿದು ಕಟ್ಟುವುದು ಬಾಕಿಯಿರುವ ಅವಧಿಯಲ್ಲಿ ಮೂಳೆ ಆ ಜಾಗದಲ್ಲಿ ಮೊದಲಿಗಿಂತ ದುರ್ಬಲವಾಗಿರುತ್ತದೆ. ಉಸಿರು ‘ಇನ್ನೂ ಓಡಬಹುದು’ ಎನ್ನುವುದೂ ಕಾಲು ‘ಇನ್ನೂ ಸಿದ್ಧವಿಲ್ಲ’ ಎನ್ನುವುದೂ ಒಂದೇ ವಾರಗಳಲ್ಲಿ. ನಿಮ್ಮಂತೆ ಚೆನ್ನಾಗಿ ನಡೆದು ಬಂದವರಿಗೆ ಈ ಅಪಾಯ ಒಂದು ಕೈ ಹೆಚ್ಚೇ, ಏಕೆಂದರೆ ನಿಮ್ಮ ಉಸಿರು ಬೇಗ ಪಳಗುತ್ತದೆ.

ಕಣಕಾಲಿನ ನೋವುಗಳಲ್ಲಿ ಭೇದ ತಿಳಿದಿರಲಿ. ನಿಂತ ಕೆಲವೇ ನಿಮಿಷಗಳಲ್ಲಿ ಹೋಗುವ, ಮುಂಭಾಗದ ಸ್ನಾಯುವಿನ ಉರಿ ಬರೀ ದಣಿವಿನದು. ಕಣಕಾಲಿನ ಒಳ ಅಂಚಿನುದ್ದಕ್ಕೂ ನಾಲ್ಕೈದು ಬೆರಳಗಲ ಹಬ್ಬಿ, ಒತ್ತಿದರೆ ನೋಯುವಂತಿದ್ದರೆ ಓಟದ ಪ್ರಮಾಣ ತಗ್ಗಿಸಬೇಕು. ಒಂದೇ ಬೆರಳಿನಿಂದ ತೋರಿಸಬಹುದಾದ ಜಾಗದಲ್ಲಿ ಮೂಳೆಯೇ ನೋಯುತ್ತಿದ್ದು, ನಡೆಯುವಾಗಲೂ ಅಥವಾ ರಾತ್ರಿ ಮಲಗಿದಾಗಲೂ ಬಿಡದಿದ್ದರೆ ಓಟವನ್ನು ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. ಅದು ಮೂಳೆಯ ಸೂಕ್ಷ್ಮ ಬಿರುಕಾಗಿರಬಹುದು.

ಓಟದ ಪ್ರಮಾಣವನ್ನು ವಾರಕ್ಕೆ ಶೇ 10ಕ್ಕಿಂತ ಹೆಚ್ಚಿಸಬಾರದೆಂಬ ನಿಯಮವನ್ನು ಯಾರಾದರೂ ಹೇಳಿಯೇ ಹೇಳುತ್ತಾರೆ. ನೆದರ್‌ಲೆಂಡ್ಸ್‌ನ ಗ್ರೋನಿಂಗೆನ್‌ನಲ್ಲಿ 532 ಹೊಸ ಓಟಗಾರರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಆ ನಿಯಮದಂತೆ ಹದಿಮೂರು ವಾರ ನಿಧಾನವಾಗಿ ಏರಿದವರಲ್ಲಿಯೂ ಎಂಟು ವಾರದ ಸಾಮಾನ್ಯ ಕ್ರಮ ಅನುಸರಿಸಿದವರಲ್ಲಿಯೂ ಸರಿಸುಮಾರು ಐವರಲ್ಲಿ ಒಬ್ಬರಿಗೆ ಗಾಯವಾಯಿತು. ಹಾಗೆಂದು ಎಗ್ಗಿಲ್ಲದೆ ಏರಿಸಿ ಎಂದಲ್ಲ. ಶೇಕಡಾವಾರು ಲೆಕ್ಕ ಸರಿಯಿದೆ ಎಂದ ಮಾತ್ರಕ್ಕೆ ನೋವನ್ನು ಕಡೆಗಣಿಸಬೇಡಿ ಎಂದಷ್ಟೇ ನನ್ನ ಮಾತು.

ಓಟವಿಲ್ಲದ ದಿನ ಮೆಟ್ಟಿಲಿನ ಅಂಚಿನಲ್ಲಿ ನಿಂತು, ಗೋಡೆ ಹಿಡಿದುಕೊಂಡು, ಹಿಮ್ಮಡಿಗಳನ್ನೆತ್ತಿ ತುದಿಗಾಲ ಮೇಲೆ ನಿಂತು ನಿಧಾನವಾಗಿ ಇಳಿಯುವ ವ್ಯಾಯಾಮ ಮಾಡಿ. ಮೊದಲು ಎರಡೂ ಕಾಲಿನಲ್ಲಿ, ಆಮೇಲೆ ಒಂದೊಂದೇ ಕಾಲಿನಲ್ಲಿ. ಒಂದೇ ಕಾಲಿನಲ್ಲಿ 20 ಬಾರಿ ಅಲುಗಾಡದೆ ಮಾಡಬಲ್ಲ ಮೀನಖಂಡ ಓಟಕ್ಕೆ ಸಾಕಷ್ಟು ಗಟ್ಟಿ. ಮೈ ಹಿಗ್ಗಿಸುವ ವ್ಯಾಯಾಮಗಳಿಗಿಂತ ಇದನ್ನೇ ನಾನು ಮುಂದಿಡುತ್ತೇನೆ.

ಮುಂಜಾವಿನ ನಡಿಗೆ

ಮೂವರಿಗೂ ಕೃತಜ್ಞತೆಗಳು. ಮೊದಲೇ ತಿಳಿಸಬೇಕಾಗಿದ್ದ ಸಂಗತಿಯೊಂದಿದೆ: ರಕ್ತದೊತ್ತಡಕ್ಕಾಗಿ ಎರಡು ವರ್ಷದಿಂದ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಇದರಿಂದ ಏನಾದರೂ ತೊಂದರೆಯಿದೆಯೇ? ಜೊತೆಗೆ, ಓಡಿದರೆ ಮೊಣಕಾಲು ಸವೆದುಹೋಗುತ್ತದೆ ಎಂದು ಮನೆಯಲ್ಲಿ ಎಲ್ಲರೂ ಹೆದರಿಸುತ್ತಿದ್ದಾರೆ. ಹೆಜ್ಜೆಯನ್ನು ಹೇಗಿಡಬೇಕೆಂಬುದೂ ನನಗೆ ಸ್ಪಷ್ಟವಿಲ್ಲ; ಬೇಗ ಮುಂದೆ ಸಾಗಲೆಂದು ದಾಪುಗಾಲು ಹಾಕುತ್ತಿದ್ದೆ.

ಮೂಳೆಮಾತು

ಮಾತ್ರೆಯ ವಿಷಯವನ್ನು ಓಟ ಆರಂಭಿಸುವ ಮುನ್ನ ನಿಮ್ಮ ವೈದ್ಯರ ಬಳಿಯೇ ಮಾತನಾಡಬೇಕು. ಅದಕ್ಕೆ ಇಲ್ಲಿ ಉತ್ತರ ಹುಡುಕಬೇಡಿ. ನೀವು ತೆಗೆದುಕೊಳ್ಳುತ್ತಿರುವುದು ಬೀಟಾ ಬ್ಲಾಕರ್ ಗುಂಪಿನ ಔಷಧವಾಗಿದ್ದರೆ ಅದು ನಾಡಿಬಡಿತವನ್ನೇ ತಗ್ಗಿಸುತ್ತದೆ, ಆಗ ಕೈಗಡಿಯಾರದ ಅಂಕಿಗಳಿಗೆ ಅರ್ಥವೇ ಇರುವುದಿಲ್ಲ. ಗಡಿಯಾರ ಬಿಟ್ಟವಳು ಅವರು ಹೇಳಿದ ವಾಕ್ಯದ ಪರೀಕ್ಷೆಯೇ ನಿಮಗೆ ಸೂಕ್ತ. ಓಡುವಾಗ ಎದೆನೋವು, ಎದೆಯಲ್ಲಿ ಬಿಗಿತ, ಕಣ್ಣು ಕತ್ತಲಿಡುವುದು, ಅಡ್ಡಾದಿಡ್ಡಿ ಎದೆಬಡಿತ ಕಂಡುಬಂದರೆ ತಕ್ಷಣ ನಿಲ್ಲಿಸಿ ವೈದ್ಯಕೀಯ ನೆರವು ಪಡೆಯಿರಿ.

ಮೊಣಕಾಲಿನ ಭಯಕ್ಕೆ ಒಂದು ಉತ್ತರವಿದೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯೊಂದರಲ್ಲಿ, ಹವ್ಯಾಸಕ್ಕಾಗಿ ಓಡುವವರಲ್ಲಿ ಸೊಂಟ ಅಥವಾ ಮೊಣಕಾಲಿನ ಕೀಲುಸವೆತ ಕಂಡುಬಂದದ್ದು ಶೇ 3.5ರಷ್ಟು ಜನರಲ್ಲಿ, ಓಡದವರಲ್ಲಿ ಅದು ಶೇ 10.2, ಸ್ಪರ್ಧಾತ್ಮಕ ಓಟಗಾರರಲ್ಲಿ ಶೇ 13.3. ಓಟವೇ ಕೀಲನ್ನು ಕಾಯುತ್ತದೆಂದು ಇದರಿಂದ ಸಾಧಿಸಲಾಗದು, ಏಕೆಂದರೆ ಕೀಲು ಚೆನ್ನಾಗಿರುವವರೇ ಓಟವನ್ನು ಮುಂದುವರಿಸುತ್ತಿರಬಹುದು. ಆದರೆ ಹಿತಮಿತವಾಗಿ ಓಡಿದರೆ ಮೊಣಕಾಲು ಸವೆದೇ ಹೋಗುತ್ತದೆಂಬ ಮಾತು ನಿಲ್ಲುವುದಿಲ್ಲ.

ನಿಧಾನಗತಿ

ದಾಪುಗಾಲು ಬೇಡವೇ ಬೇಡ. ಪಾದವು ಶರೀರಕ್ಕಿಂತ ಬಹಳ ಮುಂದೆ ನೆಲಕ್ಕೆ ತಾಗಿದರೆ ಪ್ರತಿ ಹೆಜ್ಜೆಯೂ ಬ್ರೇಕ್ ಹಾಕಿದಂತಾಗುತ್ತದೆ. ವೇಗವನ್ನು ಅಷ್ಟೇ ಇಟ್ಟುಕೊಂಡು ಹೆಜ್ಜೆಗಳನ್ನು ಚಿಕ್ಕದಾಗಿಸಿ, ನಿಮಿಷಕ್ಕೆ ಬೀಳುವ ಹೆಜ್ಜೆಗಳ ಸಂಖ್ಯೆಯನ್ನು ಶೇ 5ರಿಂದ 10ರಷ್ಟು ಹೆಚ್ಚಿಸಿದರೆ ಮೊಣಕಾಲಿನ ಮೇಲಿನ ಹೊರೆ ಇಳಿಯುತ್ತದೆ. ನಿಮಿಷಕ್ಕೆ 180 ಹೆಜ್ಜೆ ಇರಲೇಬೇಕೆಂಬ ಮಾತು 1984ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನಲ್ಲಿ ಓಡಿದವರನ್ನು ಎಣಿಸಿ ಬಂದದ್ದು. ಅವರ ವೇಗವೇ ಬೇರೆ, ನಮ್ಮದೇ ಬೇರೆ. ಹಿಮ್ಮಡಿ ಮೊದಲು ತಾಗಬೇಕೋ ಮುಂಗಾಲೋ ಎಂಬ ಚರ್ಚೆಗೆ ಈಗಲೇ ಇಳಿಯಬೇಡಿ. ಹೆಜ್ಜೆಯ ಸದ್ದು ಕಡಿಮೆಯಾಗುವಂತೆ ಓಡಿ, ಉಳಿದದ್ದು ಮುಂದೆ ನೋಡಿಕೊಳ್ಳೋಣ.

ಮುಂಜಾವಿನ ನಡಿಗೆ

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ವೈದ್ಯರು ಪರೀಕ್ಷಿಸಿ ಒಪ್ಪಿಗೆ ಕೊಟ್ಟರು. ಮೊದಲ ವಾರದ ಕ್ರಮವನ್ನೇ ಎರಡು ವಾರ ಮಾಡಿ, ಈ ವಾರ 90 ಸೆಕೆಂಡಿನ ಓಟಕ್ಕೆ ಬಂದಿದ್ದೇನೆ. ಉಸಿರು ಎಲ್ಲಿಯೂ ಸಿಕ್ಕಿಕೊಳ್ಳಲಿಲ್ಲ, ಪಕ್ಕೆಯೂ ಹಿಡಿಯಲಿಲ್ಲ. ಹಿರಿಯರೊಬ್ಬರು ಕೈಬೀಸಿ ನಡೆಯುತ್ತಾ ನನ್ನನ್ನು ದಾಟಿ ಹೋದರು. ನಿಧಾನಗತಿಯವರ ಮಾತು ನೆನಪಾಗಿ ನಗು ಬಂತು. ಆದರೆ ನಿನ್ನೆಯಿಂದ ಎಡ ಕಣಕಾಲಿನ ಒಳ ಅಂಚಿನಲ್ಲಿ, ಸುಮಾರು ಒಂದು ಗೇಣಿನುದ್ದಕ್ಕೆ, ಒತ್ತಿದರೆ ಮಾತ್ರ ತುಸು ನೋವಿದೆ. ನಡೆಯುವಾಗ ಏನೂ ಇಲ್ಲ. ನಾಳೆ ಓಡುವ ದಿನ. ಓಡಲೇ?

ಮೂಳೆಮಾತು

ನಾಳೆ ನಡೆಯಿರಿ, ಅದೂ 6 ಕಿ.ಮೀ. ವೇಗದೊಳಗೆ. ಒತ್ತಿದರೂ ನೋಯದಂತಾದ ಮೇಲೆ 90 ಸೆಕೆಂಡಿಗೆ ಅಲ್ಲ, ಮೊದಲ ವಾರದ 60 ಸೆಕೆಂಡಿಗೆ ಮರಳಿ, ಅದನ್ನೂ ಎಂಟು ಸುತ್ತಿನ ಬದಲು ಐದೇ ಸುತ್ತು ಮಾಡಿ. ನೋವು ಒಂದು ಬೆರಳಿನ ಜಾಗಕ್ಕೆ ಕುಗ್ಗಿ ಚುಚ್ಚತೊಡಗಿದರೆ ಇಲ್ಲಿ ಬರೆಯುವುದಕ್ಕೂ ಮೊದಲು ಹೋಗಿ ತೋರಿಸಿಕೊಳ್ಳಿ. ಮೆಟ್ಟಿಲಂಚಿನ ವ್ಯಾಯಾಮ ಎಷ್ಟಕ್ಕೆ ಬಂದಿದೆ?

ಮುಂಜಾವಿನ ನಡಿಗೆ

ಎರಡೂ ಕಾಲಿನಲ್ಲಿ 25. ಎಡಗಾಲೊಂದರಲ್ಲೇ ಮಾಡಿದರೆ ಒಂಬತ್ತಕ್ಕೆ ನಡುಗುತ್ತದೆ, ಬಲಗಾಲಿನಲ್ಲಿ ಹದಿನಾರು ಆಗುತ್ತದೆ.

ಮೂಳೆಮಾತು

ಹಾಗಿದ್ದರೆ ನೋವು ಎಡಗಾಲಿಗೇ ಬಂದದ್ದರಲ್ಲಿ ನನಗೆ ಆಶ್ಚರ್ಯವಿಲ್ಲ. ಎಡಗಾಲಿನಲ್ಲಿ ಹದಿನೈದಾಗುವವರೆಗೆ 90 ಸೆಕೆಂಡಿನ ಓಟವನ್ನು ಮುಟ್ಟಬೇಡಿ.