ಸಹಾಯ ಬೇಕು: ಹೊಸ ಪಾಯಿಂಟ್ ಮೂರೇ ವಾರಕ್ಕೆ ಸುಟ್ಟಿದೆ

ಎಲ್ಲರಿಗೂ ನಮಸ್ಕಾರ. ಅಪ್ಪ ಓಡಿಸುತ್ತಿದ್ದ ಹಳೇ ಬೈಕನ್ನು ಈಗ ನಾನೇ ನೋಡಿಕೊಳ್ಳುತ್ತಿದ್ದೇನೆ. ಸಿಂಗಲ್ ಸಿಲಿಂಡರ್, ಬ್ಯಾಟರಿ ಕಾಯಿಲ್, ಕಾಂಟ್ಯಾಕ್ಟ್ ಪಾಯಿಂಟ್ ಇಗ್ನಿಷನ್ (ಪಾಯಿಂಟ್ ಅಂದರೆ ಕಾಯಿಲ್‌ನ ಕರೆಂಟನ್ನು ಕೂಡಿಸಿ ಬಿಡಿಸಿ ಪ್ಲಗ್‌ಗೆ ಕಿಡಿ ಕೊಡಿಸುವ ಎರಡು ಲೋಹದ ಮುಖಗಳು).

ತಣ್ಣಗಿದ್ದಾಗ ಒಂದೇ ಕಿಕ್‌ಗೆ ಸ್ಟಾರ್ಟ್. ಇಂಜಿನ್ ಬಿಸಿಯಾದರೆ ಮಿಸ್ ಹೊಡೆಯುತ್ತದೆ, ನಿಲ್ಲಿಸಿದರೆ ಮತ್ತೆ ಸ್ಟಾರ್ಟ್ ಆಗುವುದೇ ಇಲ್ಲ. ಪಾಯಿಂಟ್ ಬಿಚ್ಚಿ ನೋಡಿದೆ. ಒಂದು ಮುಖದ ಮೇಲೆ ಸಾಸಿವೆಗಿಂತ ಚಿಕ್ಕ ಉಬ್ಬು, ಎದುರಿನದರಲ್ಲಿ ಅಷ್ಟೇ ಅಗಲದ ಕುಳಿ. ಕತ್ತಲಲ್ಲಿ ಕವರ್ ತೆಗೆದು ಓಡಿಸಿದರೆ ನಡುವೆ ನೀಲಿ ಕಿಡಿ ಜೋರಾಗಿ ಹಾರುತ್ತಿದೆ.

ಪಾಯಿಂಟ್ ಗ್ಯಾಪ್ 0.35 ಮಿ.ಮೀ., ಪಾಯಿಂಟನ್ನು ತೆರೆಯುವ ಕ್ಯಾಮ್ ಪೂರ್ತಿ ಎತ್ತಿದ ಜಾಗದಲ್ಲೇ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿ) ಹಾಕಿ ಇಟ್ಟಿದ್ದೇನೆ. ಗ್ಯಾಪ್ ಬದಲಾದರೆ ಟೈಮಿಂಗ್ (ಕಿಡಿ ಹಾರುವ ಕ್ಷಣ) ಕೂಡ ಸರಿಯುತ್ತದೆ ಅಲ್ವಾ, ಅದನ್ನೂ ಆಮೇಲೆ ಸೆಟ್ ಮಾಡಿದೆ. ಗೇಜಿನ ಎಣ್ಣೆ ಮೊದಲೇ ಒರೆಸಿದ್ದೆ. ಕ್ಯಾಮ್‌ಗೆ ಎಣ್ಣೆ ಸವರುವ ಫೆಲ್ಟ್ ತುಂಡಿಗೆ ಒಂದೇ ಹನಿ ಎಣ್ಣೆ, ಜಾಸ್ತಿ ಇಲ್ಲ.

ನನ್ನ ಅನುಮಾನ ಕಂಡೆನ್ಸರ್ ಮೇಲೆ, ಅಂದರೆ ಪಾಯಿಂಟ್ ತೆರೆದಾಗ ಅಲ್ಲಿ ಜೋರಾಗಿ ಕಿಡಿ ಹಾರದಂತೆ ತಡೆಯುವ ಭಾಗದ ಮೇಲೆ. ಮಲ್ಟಿಮೀಟರ್‌ನಲ್ಲಿ 0.2 ಮೈಕ್ರೋಫ್ಯಾರಡ್ ತೋರಿಸುತ್ತದೆ, ಆದರೆ ಅದು ತಣ್ಣಗಿದ್ದಾಗಿನ ಲೆಕ್ಕ. ಬಿಸಿಯಲ್ಲಿ ಅದರಿಂದ ಕರೆಂಟ್ ಲೀಕ್ ಆಗುತ್ತಿದೆಯೇ ಎಂದು ಮನೆಯಲ್ಲೇ ಪರೀಕ್ಷಿಸುವುದು ಹೇಗೆ? ಕಂಡೆನ್ಸರನ್ನು ಇಂಜಿನ್ ಬಿಸಿಯಿಂದ ದೂರ, ಕಾಯಿಲ್ ಪಕ್ಕದಲ್ಲಿ ಕೂರಿಸಿದವರು ಯಾರಾದರೂ ಇದ್ದೀರಾ? ಈ ಪಾಯಿಂಟನ್ನೇ ಸಣ್ಣ ಅರದಿಂದ ಉಜ್ಜಿ ಬಳಸಬಹುದೇ?

ಎಲೆಕ್ಟ್ರಾನಿಕ್ ಕಿಟ್ ಹಾಕು ಅನ್ನಬೇಡಿ, ದಯವಿಟ್ಟು. ಅಪ್ಪನ ಗಾಡಿ ಇದ್ದ ಹಾಗೆಯೇ ಓಡಬೇಕು.