ಕಾಲೇಜು ಹುಡುಗಿಯರ ಟೆನಿಸ್ ಕೋಚ್ ಆಗೋದು: ಒಳಗಿರೋರು ಸ್ವಲ್ಪ ಹೇಳ್ತೀರಾ?

ಕೇಳ್ತಿರೋದು: ಮೈಸೂರಿನವಳು, ಈಗ ಅಮೆರಿಕದಲ್ಲಿ

ಎಲ್ಲರಿಗೂ ನಮಸ್ಕಾರ. ನನಗೆ 22. ಇಲ್ಲಿನ ಒಂದು ಡಿವಿಷನ್ 2 (ಅಂದರೆ ಕಾಲೇಜು ಕ್ರೀಡೆಯ ಎರಡನೇ ಹಂತದ) ಕಾಲೇಜಿಗೆ ನಾಲ್ಕು ವರ್ಷ ಟೆನಿಸ್ ಆಡಿ ಈ ಮೇ ತಿಂಗಳಲ್ಲಿ ಡಿಗ್ರಿ ಮುಗಿಸ್ತಿದ್ದೀನಿ. ಪ್ರೊ ಆಡೋ ಮಟ್ಟ ನನ್ನದಲ್ಲ, ಗೊತ್ತು. ಈಗ ಬೇರೊಂದು ಕಾಲೇಜಿನವರು ಮಹಿಳಾ ತಂಡಕ್ಕೆ ಗ್ರಾಜುಯೇಟ್ ಅಸಿಸ್ಟೆಂಟ್ ಕೋಚ್ ಆಗಿ ಬಾ, ಮಾಸ್ಟರ್ಸ್ ಫೀಸು ನಮ್ಮದು, ತಿಂಗಳಿಗೆ ಸಣ್ಣದೊಂದು ಸ್ಟೈಪೆಂಡ್ ಕೊಡ್ತೀವಿ ಅಂದಿದ್ದಾರೆ. ಓದಬೇಕಾಗಿರೋದು ಸ್ಪೋರ್ಟ್ಸ್ ಮ್ಯಾನೇಜ್‌ಮೆಂಟ್. ಅಪ್ಪ "ಚೆಂಡು ಹೊಡೆಸೋದೂ ಒಂದು ಕೆಲಸಾನಾ" ಅಂತಾರೆ. ಅಮ್ಮ ಏನೂ ಹೇಳಲ್ಲ, ಅದು ಇನ್ನೂ ಕಷ್ಟ. ಈ ಕೆಲಸದಲ್ಲಿರೋರು ದಿನವಿಡೀ ಏನು ಮಾಡ್ತಾರೆ? ವೀಸಾ ಕಥೆ ಏನು? ಊರಿಗೆ ವಾಪಸ್ ಬಂದರೆ ಇದಕ್ಕೆ ಬೆಲೆ ಇದೆಯಾ?

ಮಿಡ್‌ವೆಸ್ಟ್‌ನ ಡಿವಿಷನ್ 1 ಹೆಡ್ ಕೋಚ್, 14 ವರ್ಷದಿಂದ ಇದೇ ಕೆಲಸ

ನಿಮ್ಮಕ್ಕ ಹೇಳ್ತಿದ್ದಾಳೆ ಅಂದ್ಕೊಂಡು ಓದು. ನಾನೂ ಶುರು ಮಾಡಿದ್ದು ಜಿಎ, ಅಂದರೆ ಗ್ರಾಜುಯೇಟ್ ಅಸಿಸ್ಟೆಂಟ್ ಆಗೇ. ಚೆಂಡು ಹೊಡೆಸೋದೇ ಕೆಲಸ ಆಗಿದ್ದಿದ್ದರೆ ಎಷ್ಟು ಚೆನ್ನಾಗಿರ್ತಿತ್ತು ಅಂತ ನಿಮ್ಮಪ್ಪನಿಗೆ ಹೇಳು. ಕಾಲೇಜು ಕ್ರೀಡೆ ನಡೆಸೋ ಎನ್‌ಸಿಎಎ ಸಂಸ್ಥೆಯ ನಿಯಮದ ಪ್ರಕಾರ ಸೀಸನ್‌ನಲ್ಲಿ ಹುಡುಗಿಯರನ್ನ ವಾರಕ್ಕೆ 20 ಗಂಟೆಗಿಂತ ಹೆಚ್ಚು ಆಡಿಸೋ ಹಾಗಿಲ್ಲ, ಸೀಸನ್ ಇಲ್ಲದಾಗ 8 ಗಂಟೆ ಅಷ್ಟೆ. ಆ ಮಿತಿ ಅವರಿಗೆ, ನಮಗಲ್ಲ. ಉಳಿದ ಹೊತ್ತೆಲ್ಲ ಹೋಟೆಲ್ ಬುಕಿಂಗ್, ಕೋರ್ಟ್ ಬುಕಿಂಗ್, ಯಾರು ಯಾವ ಪೇಪರ್‌ನಲ್ಲಿ ಹಿಂದೆ ಬಿದ್ದಿದ್ದಾರೆ ಅನ್ನೋ ವಿಚಾರಣೆ, ಕಾಂಪ್ಲಯನ್ಸ್ ಫಾರ್ಮು, ಹಳೆ ವಿದ್ಯಾರ್ಥಿಗಳಿಗೆ ದೇಣಿಗೆ ಕೇಳೋ ಪತ್ರ, ರಾತ್ರಿ ಕೂತು ರ‍್ಯಾಕೆಟ್‌ಗೆ ಸ್ಟ್ರಿಂಗ್ ಹಾಕೋದು. ಜಿಎ ಆಗಿದ್ದ ಎರಡು ವರ್ಷ ನಾನು ಕೋರ್ಟ್‌ನಲ್ಲಿ ನಿಂತಿದ್ದಕ್ಕಿಂತ ವ್ಯಾನ್ ಓಡಿಸಿದ್ದೇ ಜಾಸ್ತಿ. ಹಿಂದಿನ ಸೀಟಲ್ಲಿ ಎಂಟು ಹುಡುಗಿಯರು ನಿದ್ದೆ, ಹೊರಗೆ ಹಿಮ, ಪಕ್ಕದಲ್ಲಿ ಹೆಡ್ ಕೋಚ್ ಗೊರಕೆ.

ಮ್ಯಾಚ್ ದಿನದ ವಿಷಯ ಬೇರೆ. ಅದಕ್ಕೋಸ್ಕರವೇ ಇಷ್ಟು ವರ್ಷ ಇದ್ದೀನಿ. ನೀನು ಆಡಿದವಳು, ನಿನಗೆ ಗೊತ್ತು: ಮೊದಲು ಮೂರು ಡಬಲ್ಸ್, ಮೂರರಲ್ಲಿ ಎರಡು ಗೆದ್ದವರಿಗೆ ಒಂದು ಪಾಯಿಂಟ್, ಆಮೇಲೆ ಆರು ಸಿಂಗಲ್ಸ್, ಯಾರು ಮೊದಲು ನಾಲ್ಕು ಮುಟ್ತಾರೋ ಅವರದು ಮ್ಯಾಚ್. ಆಡುವಾಗ ಇದು ನಿನ್ನ ಒಂದೇ ಕೋರ್ಟಿನ ಲೆಕ್ಕ. ಕೋಚ್ ಆದಾಗ ಆರು ಕೋರ್ಟಿನ ಲೆಕ್ಕ ಒಟ್ಟಿಗೆ. ಕಾಲೇಜು ಟೆನಿಸ್‌ನಲ್ಲಿ ಪಾಯಿಂಟ್‌ಗಳ ನಡುವೆ ಆಟಗಾರ್ತಿ ಜೊತೆ ಮಾತಾಡಬಹುದು, ಸರಿ. ಆದರೆ ಯಾರ ಜೊತೆ? ಎರಡನೇ ಕೋರ್ಟಿನವಳು ಸೆಟ್ ಕಳ್ಕೊಂಡು ಕುದೀತಿರ್ತಾಳೆ. ಐದನೇ ಕೋರ್ಟಿನವಳು ಮುಂದಿದ್ದಾಳೆ, ಆದರೆ ಮುಂದಿದ್ದಾಗಲೇ ಅವಳಿಗೆ ಕೈ ನಡುಗೋದು. ಆಡ್ವಾಂಟೇಜ್ ಇಲ್ಲದ ಸ್ಕೋರಿಂಗ್ ಬೇರೆ, 40-40 ಆದರೆ ಒಂದೇ ಪಾಯಿಂಟ್‌ಗೆ ಗೇಮ್ ಹೋಗುತ್ತೆ. ನೀನು ಅತ್ತ ಓಡೋಷ್ಟರಲ್ಲಿ ಇತ್ತ ಮುಗಿದಿರುತ್ತೆ. ನಾನು ವರ್ಷಾನುಗಟ್ಟಲೆ ಅಳೋ ಕೋರ್ಟಿಗೇ ಓಡ್ತಿದ್ದೆ. ಸುಮ್ಮನೆ ಆಡ್ತಿರೋವಳ ಹತ್ತಿರ ನಿಂತ್ಕೊಳ್ಳೋದನ್ನ ಕಲಿಯೋಕೆ ಬಹಳ ದಿನ ಬೇಕಾಯ್ತು.

ಇನ್ನು ಲೈನಪ್. ಆಟದ ಮಟ್ಟದ ಪ್ರಕಾರವೇ ಒಂದರಿಂದ ಆರರವರೆಗೆ ಇಡಬೇಕು, ಚೆನ್ನಾಗಿ ಆಡೋವಳನ್ನ ಬೇಕಂತಲೇ ಕೆಳಗೆ ಇಟ್ಟು ಸುಲಭದ ಪಾಯಿಂಟ್ ಹೊಡೆಯೋ ಹಾಗಿಲ್ಲ. ನಾಲ್ಕರಿಂದ ಐದಕ್ಕೆ ಇಳಿಸಿದ ಹುಡುಗಿ ಆಫೀಸಿಗೆ ಬಂದು ಬಾಗಿಲು ಹಾಕ್ಕೋತಾಳೆ. ಏಳನೆಯವಳ ಅಪ್ಪ ಭಾನುವಾರ ಫೋನ್ ಮಾಡ್ತಾರೆ. ಈ ಎರಡು ಮಾತುಕತೆ ತಡ್ಕೊಳ್ಳೋ ಶಕ್ತಿ ಇದೆಯಾ ನೋಡ್ಕೋ, ಫೋರ್‌ಹ್ಯಾಂಡ್ ಕಲಿಸೋದು ಆಮೇಲೆ.

ರಿಕ್ರೂಟಿಂಗ್ ಬಗ್ಗೆ ಒಂದು ಮಾತು. ಡಿವಿಷನ್ 1ರಲ್ಲಿ ಹತ್ತನೇ ತರಗತಿ ಮುಗಿಸಿದ ಹುಡುಗಿಯರಿಗೆ ಜೂನ್ 15ರಿಂದ ನಾವು ಫೋನ್ ಮಾಡಬಹುದು. ಆ ದಿನ ನನಗೆ ದೀಪಾವಳಿ, ಪರೀಕ್ಷೆ ಎರಡೂ. ಮೊದಲೆಲ್ಲ ಮಹಿಳಾ ತಂಡಕ್ಕೆ ಎಂಟು ಪೂರ್ತಿ ಸ್ಕಾಲರ್‌ಶಿಪ್ ಅಂತ ಮಿತಿ ಇತ್ತು. ಆಟಗಾರರು ಹಾಕಿದ್ದ ಕೇಸಲ್ಲಿ 2025ರ ಒಪ್ಪಂದ ಆದ್ಮೇಲೆ ಅದನ್ನ ಒಪ್ಪಿಕೊಂಡ ಕಾಲೇಜುಗಳಲ್ಲಿ ಸ್ಕಾಲರ್‌ಶಿಪ್ ಮಿತಿ ಹೋಯ್ತು, ತಂಡದಲ್ಲಿ ಹತ್ತೇ ಜನ ಅನ್ನೋ ಮಿತಿ ಬಂತು. ದುಡ್ಡಿರೋ ಕಾಲೇಜು ಹತ್ತೂ ಜನಕ್ಕೆ ಪೂರ್ತಿ ಕೊಡಬಹುದು. ನಮ್ಮಂಥೋರು? ಆಟಗಾರರು ಕಾಲೇಜು ಬದಲಾಯಿಸೋಕೆ ಹೆಸರು ಕೊಡೋ ಟ್ರಾನ್ಸ್‌ಫರ್ ಪೋರ್ಟಲ್ ತೆರೆದಾಗ ನಮ್ಮ ಹುಡುಗಿಯರನ್ನೇ ನಾವು ಮತ್ತೆ ರಿಕ್ರೂಟ್ ಮಾಡ್ಕೋಬೇಕು.

ಅಸಿಸ್ಟೆಂಟ್ ಕೋಚ್ ಆಗಿ ಐದು ವರ್ಷ ಇದ್ದು ಬಿಟ್ಟವನು, ಈಗ ಟೆಕ್ಸಾಸ್‌ನ ಕ್ಲಬ್‌ನಲ್ಲಿ

ಅಕ್ಕ ಹೇಳಿದ್ದೆಲ್ಲ ನಿಜ, ಸಂಬಳದ ಮಾತು ಮಾತ್ರ ನಾಜೂಕಾಗಿ ಬಿಟ್ಟರು. ನಾನು ಈಗ ಗಂಟೆ ಲೆಕ್ಕದಲ್ಲಿ ಪ್ರೈವೇಟ್ ಲೆಸನ್ ಕೊಟ್ಟು ಆಗಿನದಕ್ಕಿಂತ ಜಾಸ್ತಿ ದುಡೀತೀನಿ, ವಾರಾಂತ್ಯ ಮನೆಯಲ್ಲಿರ್ತೀನಿ. ಬಿಟ್ಟಿದ್ದಕ್ಕೆ ಬೇಜಾರಿಲ್ಲ. ಏಪ್ರಿಲ್‌ನಲ್ಲಿ ಕಾನ್ಫರೆನ್ಸ್ ಟೂರ್ನಮೆಂಟ್ ನಡೆಯೋ ವಾರ ಮಾತ್ರ ಫೋನಲ್ಲಿ ಸ್ಕೋರ್ ನೋಡ್ತಾ ಕೂತಿರ್ತೀನಿ, ಹೆಂಡತಿ ಬೈತಾಳೆ.

ಯೂನಿವರ್ಸಿಟಿ ಇಂಟರ್‌ನ್ಯಾಷನಲ್ ಆಫೀಸಲ್ಲಿ ಕೆಲಸ ಮಾಡೋವಳು, ದಾವಣಗೆರೆ ಮೂಲ

ವೀಸಾ ವಿಷಯ ನನಗೆ ಬಿಡಿ. ಮಾಸ್ಟರ್ಸ್ ಮುಗಿದ ಮೇಲೆ ಒಪಿಟಿ, ಅಂದರೆ ವಿದ್ಯಾರ್ಥಿ ವೀಸಾದಲ್ಲೇ ಕೆಲಸ ಮಾಡೋ ಅನುಮತಿ, 12 ತಿಂಗಳು. ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿರೋ ವಿಷಯ ಓದಿದ್ದರೆ, ಆ ವಿಷಯಕ್ಕೆ ಸಂಬಂಧಪಟ್ಟ ಕೆಲಸಕ್ಕೆ ಇನ್ನೂ 24 ತಿಂಗಳು ಸಿಗುತ್ತೆ. ಸ್ಪೋರ್ಟ್ಸ್ ಮ್ಯಾನೇಜ್‌ಮೆಂಟ್ ಆ ಪಟ್ಟಿಯಲ್ಲಿಲ್ಲ. ಹಾಗಾಗಿ ಆಫರ್‌ಗೆ ಹೂಂ ಅನ್ನೋ ಮೊದಲು ಒಂದೇ ಒಂದು ಪ್ರಶ್ನೆ ಕೇಳಿ: ಫೀಸು ಮಾಫಿ ಬೇರೆ ಡಿಪಾರ್ಟ್‌ಮೆಂಟಿಗೂ ಆಗುತ್ತಾ? ಆಗುತ್ತೆ ಅಂದರೆ ಡೇಟಾ ಅನಾಲಿಟಿಕ್ಸ್ ತಗೊಳ್ಳಿ. ಕೋಚಿಂಗ್ ಬಿಡಬೇಕಾಗಿ ಬಂದರೆ ಕೈಯಲ್ಲಿ ಬೇರೆ ವಿದ್ಯೆ ಇರುತ್ತೆ, ಅಪ್ಪನಿಗೂ "ಎಂಎಸ್" ಅಂತ ಹೇಳ್ಕೊಳ್ಳೋಕಾಗುತ್ತೆ. ಎಚ್‌1ಬಿ ಕೆಲಸದ ವೀಸಾಗೆ ಯೂನಿವರ್ಸಿಟಿಗಳು ಲಾಟರಿಗೆ ಒಳಪಡೋದಿಲ್ಲ, ಅದು ದೊಡ್ಡ ಅನುಕೂಲ. ಆದರೆ ಕೋಚ್ ಹುದ್ದೆಗೆ ಇಂಥದ್ದೇ ಡಿಗ್ರಿ ಬೇಕು ಅಂತ ಕಾಗದದ ಮೇಲೆ ತೋರಿಸಬೇಕು, ಅಲ್ಲೇ ಎಡವೋದು. ಕಾಲೇಜಿನ ವಕೀಲರು ಹಿಂದೆ ಕೋಚ್‌ಗೆ ಫೈಲ್ ಮಾಡಿದ್ದಾರಾ ಅಂತ ಬರವಣಿಗೆಯಲ್ಲಿ ಕೇಳಿ.

ಧಾರವಾಡದ ಕೋಚ್

ತಂಗಿ, ಊರಿಗೆ ಬಂದ್ರ ಹೆಂಗ ಅಂತ ಕೇಳಿದ್ಯಲ್ಲ, ಅದನ್ನ ಹೇಳ್ತೀನಿ. ನಮ್ಮ ಕಡೆ ಕಾಲೇಜಿನಾಗ ಟೆನಿಸ್ ಕೋಚ್ ಅನ್ನೋ ಹುದ್ದೀನ ಇಲ್ಲ ಅಂತ ತಿಳ್ಕೊ. ಫಿಸಿಕಲ್ ಡೈರೆಕ್ಟರ್ ಒಬ್ರು ಇರ್ತಾರ, ಕಬಡ್ಡಿಯಿಂದ ಹಿಡ್ದು ಚೆಸ್ ತನಕ ಅವರದ. ಅಂತರ ವಿಶ್ವವಿದ್ಯಾಲಯ ಟೂರ್ನಮೆಂಟ್ ಬಂದಾಗ ಹೊರಗ ಅಕಾಡೆಮಿಯಾಗ ಕಲ್ತ ಹುಡುಗ್ಯಾರನ್ನ ಕೂಡಿಸಿ ರೈಲು ಹತ್ತಿಸ್ತಾರ, ಮುಗೀತು. ಆ ಡೈರೆಕ್ಟರ್ ಆಗಾಕ ಎಂಪಿಎಡ್ ಮ್ಯಾಲ ನೆಟ್ ಇಲ್ಲಾ ಕೆಸೆಟ್ ಬೇಕು, ನಿನ್ನ ಅಮೆರಿಕಾ ಡಿಗ್ರಿ ಅಲ್ಲಿ ನಡ್ಯಾಂಗಿಲ್ಲ. ಅಕಾಡೆಮಿ ಹಾಕ್ತೀನಿ ಅಂದ್ರ ಮಾತು ಬ್ಯಾರೆ. ಇಲ್ಲಿಂದ ಅಮೆರಿಕಾ ಕಾಲೇಜಿಗೆ ಹೋಗಬೇಕಂತಿರೋ ಹುಡುಗ್ಯಾರು ಭಾಳ ಅದಾರ, ಆಟದ ಮಟ್ಟ ತೋರ್ಸೋ ಯುಟಿಆರ್ ರೇಟಿಂಗ್ ಎಷ್ಟಿರಬೇಕು, ವಿಡಿಯೋ ಹೆಂಗ ಕಳಿಸಬೇಕು ಅಂತ ನಿಜ ಹೇಳೋರು ಕಡಿಮಿ. ಏಜೆಂಟ್ರು ರೊಕ್ಕ ತಗೊಂಡು ಸುಳ್ಳು ಹೇಳ್ತಾರ.

ಕೇಳಿದವಳೇ ಮತ್ತೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಕ್ಕ, ಒಂದು ಸಂದೇಹ. ನಾನು ಆಡಿದ ನಾಲ್ಕು ವರ್ಷದಲ್ಲಿ ಎದುರು ತಂಡದ ಹೆಡ್ ಕೋಚ್‌ಗಳಲ್ಲಿ ಹೆಂಗಸರು ಕಮ್ಮಿನೇ. ಹುಡುಗಿಯರ ತಂಡಕ್ಕೂ ಯಾಕೆ ಹೀಗೆ?

ಹೆಡ್ ಕೋಚ್

1972ರಲ್ಲಿ ಕಾಲೇಜುಗಳಲ್ಲಿ ಹುಡುಗಿಯರಿಗೂ ಸಮಾನ ಅವಕಾಶ ಕೊಡಬೇಕು ಅನ್ನೋ ಟೈಟಲ್ ನೈನ್ ಕಾನೂನು ಬಂದಾಗ ಕಾಲೇಜು ಮಹಿಳಾ ತಂಡಗಳ ಕೋಚ್‌ಗಳಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಹೆಂಗಸರೇ. ಈಗ 40ರ ಆಸುಪಾಸು. ಕಾನೂನಿಂದ ಹುಡುಗಿಯರ ಆಟಕ್ಕೆ ದುಡ್ಡು ಬಂತು, ಸಂಬಳ ಬಂತು, ಸಂಬಳ ಬಂದ ತಕ್ಷಣ ಗಂಡಸರ ಅರ್ಜಿ ಬಂತು. ಕೆಲಸಕ್ಕೆ ಆರಿಸೋ ಅಥ್ಲೆಟಿಕ್ ಡೈರೆಕ್ಟರ್‌ಗಳಲ್ಲೂ ಹೆಚ್ಚಿನವರು ಗಂಡಸರೇ. ಸ್ಟ್ಯಾನ್‌ಫರ್ಡ್‌ನಲ್ಲಿ ಲೆಲೆ ಫರೂದ್ ಅನ್ನೋ ಹೆಂಗಸು ಹೆಡ್ ಕೋಚ್ ಆಗಿ ತಮ್ಮ ತಂಡಕ್ಕೆ ಹತ್ತು ಎನ್‌ಸಿಎಎ ಚಾಂಪಿಯನ್‌ಶಿಪ್ ಗೆದ್ದುಕೊಟ್ಟಿದ್ದಾರೆ, ಆದರೂ ನನಗೆ ಒಂದು ಇಂಟರ್‌ವ್ಯೂನಲ್ಲಿ "ಮಕ್ಕಳಾದ ಮೇಲೆ ಪ್ರಯಾಣ ಹೇಗೆ" ಅಂತ ಕೇಳಿದರು. ಕಾಲೇಜಿನ ಹೆಸರು ಹೇಳಲ್ಲ. ಆ ಕೆಲಸ ಸಿಗಲಿಲ್ಲ. ಮಗಳು ಈಗ ನನ್ನ ವ್ಯಾನಲ್ಲೇ ಕೂತು ಹೋಂವರ್ಕ್ ಮಾಡ್ತಾಳೆ.

ಕೇಳಿದವಳೇ

ಡಿಪಾರ್ಟ್‌ಮೆಂಟ್ ಬದಲಾಯಿಸೋದು, ವಕೀಲರ ವಿಷಯ, ಎರಡೂ ಇವತ್ತೇ ಇಮೇಲ್ ಮಾಡಿದೆ. ಇನ್ನೊಂದು ಹೇಳೋಕೆ ನಾಚಿಕೆ. ಅಕ್ಕ, ನನ್ನ ಹತ್ತಿರ ಡ್ರೈವಿಂಗ್ ಲೈಸೆನ್ಸೇ ಇಲ್ಲ.

ಹೆಡ್ ಕೋಚ್

ಅಯ್ಯೋ. ಆ ಇಮೇಲ್‌ಗೆ ಉತ್ತರ ಬರೋಷ್ಟರಲ್ಲಿ ಹೋಗಿ ಲರ್ನರ್ಸ್ ಪರೀಕ್ಷೆ ಬರಿ.