ಬಿಸಿಯಾದಾಗ ಮಿನುಗುವ ಆಯಿಲ್ ದೀಪ: ಹಳೆಯ ಕಾರಿಗೆ ಯಾವ ಆಯಿಲ್, ಎಷ್ಟು ಪ್ರೆಶರ್?

ಪ್ರಶ್ನೆ, ಬ್ರಹ್ಮಾವರದಿಂದ

ನನ್ನಲ್ಲಿ ಕಾರ್ಬ್ಯುರೇಟರ್ ಇರುವ 1998ರ ಮಾರುತಿ 800 ಇದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಕೆಂಪು ಆಯಿಲ್ ದೀಪ ಆರುತ್ತದೆ. ಆದರೆ ಮಂಗಳೂರಿನಿಂದ ಹಿಂದಿರುಗುವಾಗ ಉಡುಪಿ ಪೇಟೆಯೊಳಗೆ ಬಂದು ಕಲ್ಸಂಕದಲ್ಲಿ ನಿಂತರೆ ಅದು ಮಿನುಗತೊಡಗುತ್ತದೆ. ಆಕ್ಸಿಲರೇಟರ್ ಸ್ವಲ್ಪ ಒತ್ತಿದರೆ ಮತ್ತೆ ಆರುತ್ತದೆ. ಈಗ ಇರುವುದು 20ಡಬ್ಲ್ಯೂ-40 ಆಯಿಲ್, ಮಟ್ಟವೂ ಸರಿಯಾಗಿದೆ. ಒಬ್ಬ ಮೆಕ್ಯಾನಿಕ್ 20ಡಬ್ಲ್ಯೂ-50 ಹಾಕಿದರೆ ಸಾಕು ಎನ್ನುತ್ತಾರೆ, ಇನ್ನೊಬ್ಬರು ಬೇರಿಂಗ್ ಹೋಗಿದೆ, ಎಂಜಿನ್ ಇಳಿಸಬೇಕು ಎನ್ನುತ್ತಾರೆ. ಹಳೆಯ ವಾಹನ ಇಟ್ಟುಕೊಂಡವರು ತಮ್ಮ ಅನುಭವ ತಿಳಿಸಿದರೆ ಉಪಕಾರವಾಗುತ್ತದೆ.

ಸುರತ್ಕಲ್‌ನಿಂದ

ಮಾನ್ಯರೇ, ಆ ಇಬ್ಬರಲ್ಲಿ ಯಾರ ಮಾತು ಸರಿ ಎಂಬುದು ಪ್ರೆಶರ್ ಅಳೆದ ಮೇಲೆಯೇ ತಿಳಿಯುವಂಥದ್ದು. ಅಳೆಯದೆ ಆಯಿಲ್ ಬದಲಾಯಿಸಿದರೂ ಎಂಜಿನ್ ಬಿಚ್ಚಿದರೂ ಅದು ಊಹೆಯ ಮೇಲೆ ಮಾಡುವ ಖರ್ಚು. ಡ್ಯಾಶ್‌ಬೋರ್ಡಿನ ದೀಪವನ್ನು ಅಳತೆಯ ಸಾಧನವೆಂದು ನಂಬಬೇಡಿ. ಅದರ ಸ್ವಿಚ್ ಸಾಮಾನ್ಯವಾಗಿ ಚದರ ಸೆಂಟಿಮೀಟರಿಗೆ 0.3ರಿಂದ 0.5 ಕಿಲೋ ಆಸುಪಾಸಿನಲ್ಲಿ ಕೆಲಸ ಮಾಡುತ್ತದೆ. ಹಾಗಾಗಿ ಪ್ರೆಶರ್ 3ರಿಂದ 1ಕ್ಕೆ ಕುಸಿದರೂ ದೀಪ ಸುಮ್ಮನಿರುತ್ತದೆ. ಇನ್ನೊಂದೆಡೆ, ಹಳೆಯ ಸ್ವಿಚ್ ತಾನೇ ಕೆಟ್ಟು, ಏನೂ ಆಗದ ಎಂಜಿನ್ನಿನ ಮೇಲೆ ಅಪವಾದ ಹೊರಿಸುವುದೂ ಉಂಟು.

ಆದ್ದರಿಂದ ಆ ಸ್ವಿಚ್ಚನ್ನು ಬಿಚ್ಚಿ, ಅದೇ ಜಾಗದಲ್ಲಿ ಯಾಂತ್ರಿಕ ಪ್ರೆಶರ್ ಮೀಟರ್ ಜೋಡಿಸಿ ನೋಡಿ. ಶಾಶ್ವತವಾಗಿ ಮೀಟರ್ ಇಡುವುದಾದರೆ ಟೀ ಜಾಯಿಂಟ್ ಹಾಕಿ ಸ್ವಿಚ್ಚನ್ನೂ ಉಳಿಸಿಕೊಳ್ಳಿ, ಏಕೆಂದರೆ ಮೀಟರಿನ ಮುಳ್ಳು ಬಿದ್ದದ್ದು ರಾತ್ರಿ ಮಳೆಯಲ್ಲಿ ಕಣ್ಣಿಗೆ ಬೀಳದಿರಬಹುದು, ಕೆಂಪು ದೀಪ ಬಿದ್ದೇ ಬೀಳುತ್ತದೆ. ಇಲ್ಲಿ ಒಂದು ಎಚ್ಚರಿಕೆ ಬೇಕು. ಜಪಾನಿ ಮೂಲದ ಎಂಜಿನ್‌ಗಳಲ್ಲಿ ಈ ತೂತು ಸಾಮಾನ್ಯವಾಗಿ ಎಂಟನೇ ಒಂದು ಇಂಚಿನದು, ಇಂಚಿಗೆ 28 ಮರೆಯ (ತಿರುಪಿನ ಎಳೆಯ) ಬ್ರಿಟಿಷ್ ಅಳತೆಯದು. ಅಂಗಡಿಯಲ್ಲಿ ಸಿಗುವ ಕೆಲವು ಮೀಟರ್‌ಗಳ ಜೊತೆಗೆ ಬರುವುದು ಇಂಚಿಗೆ 27 ಮರೆಯ ಅಮೆರಿಕನ್ ಅಳತೆಯ ಜಾಯಿಂಟ್. ಅದು ಮೊದಲ ಎರಡು ಸುತ್ತು ಸಲೀಸಾಗಿ ಹೋಗಿ ಆಮೇಲೆ ಬಿಗಿಯುತ್ತದೆ, ಬಲವಂತ ಮಾಡಿದರೆ ಬ್ಲಾಕಿನ ಮರೆಯೇ ಹಾಳಾಗುತ್ತದೆ. ಮೀಟರಿಗೆ ಹೋಗುವ ನಳಿಕೆ ಸೈಲೆನ್ಸರಿನ ಹತ್ತಿರ ಹಾಯುವಂತಿದ್ದರೆ ನೈಲಾನ್ ಬೇಡ, ತಾಮ್ರದ್ದನ್ನೇ ಹಾಕಿಸಿ.

ಅಳತೆ ತೆಗೆಯುವುದು ಎಂಜಿನ್ ತಣ್ಣಗಿರುವಾಗಲ್ಲ. ನೀರಿನ ಉಷ್ಣಾಂಶದ ಮುಳ್ಳು ಕೆಲವೇ ನಿಮಿಷಗಳಲ್ಲಿ ಮಧ್ಯಕ್ಕೆ ಬಂದರೂ ಆಯಿಲ್ ಪೂರ್ತಿ ಬಿಸಿಯಾಗಲು ಅದಕ್ಕಿಂತ ಬಹಳ ಹೆಚ್ಚು ಹೊತ್ತು ಬೇಕು. ಹೆದ್ದಾರಿಯಲ್ಲಿ ಅರ್ಧ ಗಂಟೆಯಾದರೂ ಓಡಿಸಿ, ಬಳಿಕ ಆಕ್ಸಿಲರೇಟರ್ ಒತ್ತದೆ ನಿಂತಲ್ಲೇ ಓಡುವ ಐಡಲ್‌ನಲ್ಲಿ ಒಂದು ಸಲ, ನಿಮಿಷಕ್ಕೆ 2000 ಮತ್ತು 3000 ಸುತ್ತಿನಲ್ಲಿ ಒಂದೊಂದು ಸಲ ನೋಡಿ ಬರೆದಿಡಿ. ಕೈಪಿಡಿಯ ಅಂಕಿ ಸಿಕ್ಕರೆ ಅದೇ ಅಂತಿಮ. ಸಿಗದಿದ್ದರೆ, ಪ್ರತಿ 1000 ಸುತ್ತಿಗೆ ಸುಮಾರು 10 ಪಿಎಸ್‌ಐ, ಎಂದರೆ ಹೆಚ್ಚುಕಡಿಮೆ 0.7 ಕಿಲೋ ಇರಬೇಕೆಂಬ ಹಳೆಯ ಲೆಕ್ಕವನ್ನು ಮೆಕ್ಯಾನಿಕ್‌ಗಳು ಹಿಡಿಯುತ್ತಾರೆ. ಅದು ಒರಟು ಲೆಕ್ಕವೇ ಆದರೂ ದಾರಿ ತಪ್ಪಿಸುವುದಿಲ್ಲ.

ಆ ಮೂರು ಅಂಕಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ರೋಗ ಎಲ್ಲಿದೆ ಎಂಬುದರ ಸುಳಿವು ಸಿಗುತ್ತದೆ. ಐಡಲ್‌ನಲ್ಲಿ ಮಾತ್ರ ಕಡಿಮೆಯಿದ್ದು ಮೇಲೆ ಚೆನ್ನಾಗಿದ್ದರೆ ಮೊದಲು ಐಡಲ್ ವೇಗವನ್ನೇ ಪರೀಕ್ಷಿಸಿ: ಆಯಿಲ್ ಪಂಪ್ ಎಂಜಿನ್ನಿನ ಜೊತೆಗೇ ತಿರುಗುವುದರಿಂದ, ಕಾರ್ಬ್ಯುರೇಟರ್ ಹೊಂದಾಣಿಕೆ ತಪ್ಪಿ ಐಡಲ್ 850ರಿಂದ 600ಕ್ಕೆ ಇಳಿದಿದ್ದರೆ ಪಂಪೂ ಅಷ್ಟೇ ನಿಧಾನವಾಗಿರುತ್ತದೆ. ಎಲ್ಲ ವೇಗಗಳಲ್ಲೂ ಕಡಿಮೆಯಿದ್ದರೆ ಪಂಪ್, ಹೆಚ್ಚಾದ ಪ್ರೆಶರನ್ನು ಹೊರಬಿಡುವ ರಿಲೀಫ್ ವಾಲ್ವ್, ಬೇರಿಂಗ್ ಈ ಮೂರನ್ನೂ ಅನುಮಾನಿಸಬೇಕಾಗುತ್ತದೆ. ವೇಗ ಹೆಚ್ಚಿಸಿದಾಗ ಮುಳ್ಳು ಏರಿ, ಅಲ್ಲೇ ನಿಲ್ಲಿಸಿಟ್ಟರೆ ಇಳಿಯತೊಡಗಿದರೆ, ಚೇಂಬರಿನೊಳಗಿನ (ಎಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ ತೊಟ್ಟಿ) ಸ್ಟ್ರೈನರ್, ಎಂದರೆ ಆಯಿಲ್ ಸೋಸುವ ಜಾಲರಿ, ಕೆಸರಿನಿಂದ ಕಟ್ಟಿರುವ ಸಾಧ್ಯತೆ ಹೆಚ್ಚು. ಅದಕ್ಕೆ ಎಂಜಿನ್ ಇಳಿಸಬೇಕಾಗಿಲ್ಲ, ಚೇಂಬರ್ ಬಿಚ್ಚಿ ತೊಳೆದರೆ ಆಯಿತು.

ಇನ್ನು 20ಡಬ್ಲ್ಯೂ-50ರ ಮಾತು. ಎರಡನೆಯ ಸಂಖ್ಯೆ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆಯಿಲ್ ಎಷ್ಟು ದಪ್ಪವಾಗಿ ಉಳಿಯುತ್ತದೆ ಎಂಬುದನ್ನು ಹೇಳುತ್ತದೆ: 40 ಎಂದರೆ 12.5ರಿಂದ 16.3 ಸೆಂಟಿಸ್ಟೋಕ್ (ದಪ್ಪದ ಅಳತೆ), 50 ಎಂದರೆ 16.3ರಿಂದ 21.9. ಹಾಗಾಗಿ 50 ಹಾಕಿದರೆ ಮುಳ್ಳು ಖಂಡಿತವಾಗಿ ಮೇಲೇರುತ್ತದೆ. ಆದರೆ ತೋಟಕ್ಕೆ ನೀರು ಬಿಡುವ ಪೈಪಿನ ಬಾಯಿಯನ್ನು ಬೆರಳಿನಿಂದ ಅಮುಕಿದರೆ ರಭಸ ಏರುತ್ತದೆಯೇ ಹೊರತು ಗಿಡಕ್ಕೆ ಹೆಚ್ಚು ನೀರು ಹೋಗುವುದಿಲ್ಲ, ಇಲ್ಲಿಯೂ ಹಾಗೆಯೇ. ಬೇರಿಂಗನ್ನು ಕಾಯುವುದು ಅದರ ಸಂದಿಯಲ್ಲಿ ಹರಿಯುವ ಆಯಿಲ್, ಮೀಟರಿನ ಮುಳ್ಳಲ್ಲ. ಕಟ್ಟಿದ ಸ್ಟ್ರೈನರಿನ ಮೂಲಕ ದಪ್ಪ ಆಯಿಲ್ ಎಳೆಯಲು ಪಂಪಿಗೆ ಇನ್ನೂ ಕಷ್ಟ. ತಣ್ಣಗಿರುವಾಗ ಫಿಲ್ಟರಿನ ಬೈಪಾಸ್ ವಾಲ್ವ್ ತೆರೆದುಕೊಂಡು, ಶೋಧಿಸದ ಆಯಿಲ್ ಒಳಗೆ ಹೋಗುವುದೂ ಹೆಚ್ಚುತ್ತದೆ.

ಚಳಿಯಲ್ಲಿ ಆಯಿಲ್ ಹೇಗಿರುತ್ತದೆ ಎಂದು ಹೇಳುವ ಮೊದಲ ಸಂಖ್ಯೆಯ ವಿಷಯದಲ್ಲಿ ಕರಾವಳಿಯವರಿಗೆ ಚಿಂತೆ ಕಡಿಮೆ. 20ಡಬ್ಲ್ಯೂ ಆಯಿಲನ್ನು ಪರೀಕ್ಷಿಸುವುದೇ ಸೊನ್ನೆಗಿಂತ 15 ಡಿಗ್ರಿ ಕೆಳಗೆ. ನಮ್ಮಲ್ಲಿ ಡಿಸೆಂಬರ್ ಮುಂಜಾವಿಗೂ ಅದಕ್ಕೂ ಸಂಬಂಧವಿಲ್ಲ. ಆದರೂ 15ಡಬ್ಲ್ಯೂ-40 ಸಿಕ್ಕರೆ ನಾನು ಅದನ್ನೇ ಆರಿಸುತ್ತೇನೆ. ಬಿಸಿಯಲ್ಲಿ ಅದೇ ದಪ್ಪ, ಬೆಳಗಿನ ಮೊದಲ ನಿಮಿಷದಲ್ಲಿ ಸ್ವಲ್ಪ ಬೇಗ ಹರಿಯುತ್ತದೆ.

ಕಾರ್ಕಳದಿಂದ, ಹಳೆಯ ಡೀಸೆಲ್ ಜೀಪ್ ಇರುವವರು

ಮೇಲಿನವರು ಹೇಳಿದ್ದಕ್ಕೆ ಒಂದೆರಡು ಮಾತು ಸೇರಿಸುತ್ತೇನೆ. ಡಿಪ್‌ಸ್ಟಿಕ್ಕಿನಲ್ಲಿ ಮಟ್ಟ ಸರಿಯಿದೆ ಎಂದಷ್ಟಕ್ಕೆ ಸಮಾಧಾನಪಡಬಾರದು, ಆಯಿಲನ್ನು ಮೂಸಿಯೂ ನೋಡಬೇಕು. ಕಾರ್ಬ್ಯುರೇಟರಿನ ಫ್ಲೋಟ್ ಸರಿಯಿಲ್ಲದೆ ಅಥವಾ ಯಾಂತ್ರಿಕ ಫ್ಯುಯೆಲ್ ಪಂಪಿನ ಡಯಾಫ್ರಮ್ ಹರಿದು ಪೆಟ್ರೋಲ್ ಚೇಂಬರಿಗೆ ಸೇರುತ್ತಿದ್ದರೆ ಆಯಿಲ್ ತೆಳ್ಳಗಾಗುತ್ತದೆ, ಮಟ್ಟ ಮಾತ್ರ ಇಳಿಯುವುದೇ ಇಲ್ಲ, ಕೆಲವೊಮ್ಮೆ ಏರುತ್ತದೆ. ಅಂಥ ಎಂಜಿನ್ನಿಗೆ 50 ಹಾಕಿದರೂ ಕೆಲವು ವಾರಗಳಲ್ಲಿ ದೀಪ ಮತ್ತೆ ಮಿನುಗುತ್ತದೆ.

ಮಳೆಗಾಲದಲ್ಲಿ ಫಿಲ್ಲರ್ ಮುಚ್ಚಳದ ಕೆಳಗೆ ಬೆಣ್ಣೆಯಂಥ ಬಿಳಿ ಪದಾರ್ಥ ಕಂಡರೆ ತಕ್ಷಣ ಹೆಡ್ ಗ್ಯಾಸ್ಕೆಟ್ ಹೋಯಿತೆಂದು ಹೆದರಬೇಕಾಗಿಲ್ಲ. ಪೇಟೆಯೊಳಗೆ ಎರಡು ಮೂರು ಕಿಲೋಮೀಟರ್ ಮಾತ್ರ ಓಡುವ ಗಾಡಿಯ ಆಯಿಲ್ ಪೂರ್ತಿ ಬಿಸಿಯಾಗದೆ ತೇವ ಒಳಗೇ ಉಳಿಯುತ್ತದೆ. ಒಮ್ಮೆ ದೂರ ಓಡಿಸಿ ಬಂದ ಮೇಲೂ ಅದು ಉಳಿದಿದ್ದರೆ, ರೇಡಿಯೇಟರಿನ ನೀರೂ ಕಡಿಮೆಯಾಗುತ್ತಿದ್ದರೆ, ಆಗ ಚಿಂತಿಸಿ. ಆಗುಂಬೆ ಘಾಟಿಯಂಥ ತಿರುವುಗಳಲ್ಲಿ ಮಾತ್ರ ದೀಪ ಬೆಳಗುವವರು ಮಟ್ಟವನ್ನು ಮೇಲಿನ ಗೆರೆಯವರೆಗೆ ತುಂಬಿಸಿ ನೋಡಬೇಕು. ಆಯಿಲ್ ಒಂದು ಬದಿಗೆ ಸರಿದಾಗ ಪಂಪ್ ಗಾಳಿ ಎಳೆಯುತ್ತದೆ.

ಡೀಸೆಲ್ ಗಾಡಿಯವರು ಡಬ್ಬಿಯ ಮೇಲೆ ಡೀಸೆಲ್ ಎಂಜಿನ್ ಆಯಿಲಿನ ದರ್ಜೆಗಳಾದ ಸಿಎಚ್-4 ಅಥವಾ ಸಿಐ-4 ಎಂದು ಇದೆಯೇ ನೋಡಿಕೊಳ್ಳಿ. ಆಯಿಲ್ ಬೇಗ ಕಪ್ಪಾಯಿತು ಎಂದು ಬೈಯಬೇಡಿ, ಮಸಿಯನ್ನು ಹಿಡಿದಿಟ್ಟುಕೊಳ್ಳುವುದೇ ಅದರ ಕೆಲಸ.

ಕಂಕನಾಡಿಯಿಂದ, ಪ್ರೀಮಿಯರ್ ಪದ್ಮಿನಿ ಇಟ್ಟುಕೊಂಡವರು

ಸುರತ್ಕಲ್‌ನವರ ಮಾತನ್ನು ಬಹುಮಟ್ಟಿಗೆ ಒಪ್ಪುತ್ತೇನೆ, ಆದರೆ 20ಡಬ್ಲ್ಯೂ-50 ಎಂದರೆ ದೋಷ ಮುಚ್ಚಿಡುವ ಆಯಿಲ್ ಎಂಬ ಭಾವನೆ ಬರಬಾರದು. ಪುಶ್‌ರಾಡ್ (ವಾಲ್ವ್ ತೆರೆಯಲು ತಳ್ಳುವ ಕಡ್ಡಿ) ಇರುವ ಹಳೆಯ ಎಂಜಿನ್‌ಗಳ ಸಂದಿಗಳು ಮೊದಲೇ ಅಗಲ; ಪದ್ಮಿನಿ, ಅಂಬಾಸಿಡರ್‌ಗಳಂಥ ಗಾಡಿಗಳಲ್ಲಿ, ಏಪ್ರಿಲ್‌ನ ಸೆಕೆಯಲ್ಲಿ ಪಂಪ್‌ವೆಲ್ ವೃತ್ತದಲ್ಲಿ ತೆವಳುವಾಗ 50 ನ್ಯಾಯವಾದ ಆಯ್ಕೆಯೇ ಆಗುತ್ತದೆ. ಅವಕ್ಕೆ ಇನ್ನೊಂದು ಕಾರಣವೂ ಇದೆ. ಕ್ಯಾಮ್ ಮತ್ತು ಟ್ಯಾಪೆಟ್ ಒಂದರ ಮೇಲೊಂದು ಉಜ್ಜುವ ಈ ಎಂಜಿನ್‌ಗಳಿಗೆ ಸತು ಮತ್ತು ರಂಜಕದ ಸಂಯುಕ್ತ ಬೇಕು. ಪೆಟ್ರೋಲ್ ಎಂಜಿನ್ ಆಯಿಲಿನ 2004ರ ಎಸ್‌ಎಂ ದರ್ಜೆಯಿಂದೀಚೆಗೆ ರಂಜಕಕ್ಕೆ ಹತ್ತು ಲಕ್ಷಕ್ಕೆ 800 ಭಾಗದ ಮಿತಿ ಹಾಕಿದ್ದು 30ರ ಗ್ರೇಡ್ ಮತ್ತು ಅದಕ್ಕಿಂತ ತೆಳುವಾದವುಗಳಿಗೆ. 40 ಮತ್ತು 50ಕ್ಕೆ ಆ ಬಂಧನವಿಲ್ಲ. ಹೊಸ ಕಾರಿಗೆಂದು ಬರುವ ತೆಳುವಾದ, ದುಬಾರಿ ಸಿಂಥೆಟಿಕ್ ಆಯಿಲನ್ನು ಪ್ರೀತಿಯಿಂದ ಹಳೆಯ ಗಾಡಿಗೆ ಹೊಯ್ಯುವವರು ಇದನ್ನು ಗಮನಿಸಬೇಕು. ನಿಮ್ಮ 800ಕ್ಕೆ ಮಾತ್ರ ನಾನೂ 40ನ್ನೇ ಹೇಳುತ್ತೇನೆ.

ಫ್ಲಶಿಂಗ್ ಆಯಿಲ್ ಹಾಕಿ ತೊಳೆಯಬೇಡಿ. ವರ್ಷಗಳ ಕೆಸರು ಒಮ್ಮೆಲೇ ಕಳಚಿಕೊಂಡರೆ ನೇರವಾಗಿ ಸ್ಟ್ರೈನರಿಗೇ ಹೋಗಿ ಕೂರುತ್ತದೆ. ಒಳ್ಳೆಯ ಆಯಿಲ್ ಹಾಕಿ, ಮೊದಲ ಎರಡು ಬದಲಾವಣೆಗಳನ್ನು ಬೇಗ ಬೇಗ ಮಾಡಿದರೆ ಅದೇ ನಿಧಾನವಾಗಿ ತೊಳೆಯುತ್ತದೆ.

ಬ್ರಹ್ಮಾವರದಿಂದ, ಮತ್ತೆ

ಎಲ್ಲರಿಗೂ ಧನ್ಯವಾದಗಳು. ಮೀಟರ್ ಜೋಡಿಸಿ, ಸುರತ್ಕಲ್‌ವರೆಗೆ ಹೋಗಿ ಬಂದು ನೋಡಿದೆ. ಬಿಸಿ ಐಡಲ್‌ನಲ್ಲಿ 0.5, ಮುಳ್ಳು ಸ್ವಲ್ಪ ನಡುಗುತ್ತದೆ. 2000 ಸುತ್ತಿನಲ್ಲಿ 2.1, 3000ದಲ್ಲಿ 3. ಅಲ್ಲೇ ಹಿಡಿದಿಟ್ಟರೂ ಇಳಿಯುವುದಿಲ್ಲ. ಆಯಿಲಿಗೆ ಪೆಟ್ರೋಲ್ ವಾಸನೆಯಿಲ್ಲ. ಐಡಲ್ ನೋಡಿಸಿದಾಗ 650 ಇತ್ತು. ಅದನ್ನು 850ಕ್ಕೆ ಏರಿಸಿದ ಮೇಲೆ 0.8 ತೋರಿಸುತ್ತಿದೆ, ದೀಪ ಮಿನುಗುವುದು ನಿಂತಿದೆ.

ಸುರತ್ಕಲ್‌ನಿಂದ

ಈ ಅಂಕಿಗಳಿಗೆ ಎಂಜಿನ್ ಇಳಿಸುವ ಅಗತ್ಯ ಕಾಣುವುದಿಲ್ಲ. 0.8 ಧಾರಾಳವೇನಲ್ಲ, ಬೇರಿಂಗ್ ಸ್ವಲ್ಪ ಸವೆದಿರಬಹುದು. ಆದರೆ 3000ದಲ್ಲಿ 3 ಇರುವ ಎಂಜಿನ್ನನ್ನು ಬಿಚ್ಚಿಸುವವರಿಗೆ ಬೇರೆ ಕಾರಣ ಕೇಳಬೇಕು. ಮುಂದಿನ ಬದಲಾವಣೆಗೆ 15ಡಬ್ಲ್ಯೂ-40 ಹಾಕಿ, ಫಿಲ್ಟರನ್ನೂ ಬದಲಾಯಿಸಿ, ಅದೇ ದಾರಿಯಲ್ಲಿ ಅಷ್ಟೇ ದೂರ ಓಡಿಸಿ ಮತ್ತೆ ಬರೆದಿಡಿ. ಬಿಸಿ ಐಡಲ್ ಮುಂದಿನ ಬೇಸಿಗೆಗೆ 0.5ರತ್ತ ಇಳಿದಿದ್ದರೆ ಆಗ ಚೇಂಬರ್ ಬಿಚ್ಚಿಸಿ, ಸ್ಟ್ರೈನರ್ ತೊಳೆಯುವಾಗಲೇ ಒಂದು ಬಿಗ್ ಎಂಡ್ ಬೇರಿಂಗ್ (ಕನೆಕ್ಟಿಂಗ್ ರಾಡಿನ ಕೆಳತುದಿಯ ಬೇರಿಂಗ್) ಕ್ಯಾಪ್ ತೆಗೆದು ಒಳಗಿನ ಸವೆತವನ್ನೂ ನೋಡಿಬಿಡಿ.